ಸುಣ್ಣ ಒಣಗುವಷ್ಟರಲ್ಲಿ

ಈ ಹೊತ್ತು ಮಾಡಿದ ಕೆಲಸಗಳು ಇಷ್ಟು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಲು ಇಟ್ಟು, ಕಾಲು ಭಾಗ ಒಲೆಗೆ ಉಕ್ಕಿಸಿದೆ. ರಾಗಿ ಹಿಟ್ಟು ಜರಡಿ ಹಿಡಿದೆ. ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತುಕಿದೆ. ಕನ್ನಡಕದ ಸಡಿಲ ಕಡ್ಡಿಗೆ ದಾರ ಸುತ್ತಿದೆ. ನಡುಮನೆಯ ದೇವರ ಪಟ, ಕ್ಯಾಲೆಂಡರು, ಮೊಳೆಗೆ ನೇತುಬಿದ್ದಿದ್ದ ಚೀಲಗಳು, ಎಲ್ಲವನ್ನೂ ಇಳಿಸಿ ಮಂಚದ ಮೇಲೆ ಪೇರಿಸಿದೆ. ಚಾಮರಾಜನಗರದ ಈ ಮನೆಗೆ ಸುಣ್ಣ ಹೊಡೆಸಿ ಮೂರು ವರ್ಷವಾಗಿತ್ತು. ಹಿತ್ತಲಲ್ಲಿ ಸುಣ್ಣದ ಕಲ್ಲಿಗೆ ನೀರು ಹುಯ್ದ ಕೂಡಲೇ ಅದು ಬುಸಬುಸ ಕುದಿಯತೊಡಗಿತು. ಬಳಿಯಲು ಬಂದವನು ಕುಂಚ ಅದ್ದುವ ಮುಂಚೆ ಕೇಳಿದ:

"ಅಮ್ಮಾವ್ರೇ, ಗ್ವಾಡೆ ಮ್ಯಾಲೆ ಏನೇನದೆ ನೋಡ್ಕಂಡ್ರಾ? ಬಳುದ್ಮ್ಯಾಲೆ ಅದಿತ್ತು ಇದಿತ್ತು ಅನ್ಬ್ಯಾಡಿ."

ಎಷ್ಟು ಸರಿಯಾದ ಪ್ರಶ್ನೆ! ಇಪ್ಪತ್ತು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದರೆ ನನ್ನ ಒಂದು ಬೆಳಗು ಅಷ್ಟು ಕೆಟ್ಟದಾಗಿ ಶುರುವಾಗುತ್ತಿರಲಿಲ್ಲ. ಹಸಿ ಸುಣ್ಣದ ವಾಸನೆ ನಿಮಗೆಲ್ಲ ಹಬ್ಬದ ವಾಸನೆ ಇರಬಹುದು. ನನಗೆ ಈಗಲೂ ಅದು ಮೂಗಿಗೆ ತಾಗಿದರೆ ಕಣ್ಣು ತಾನಾಗಿ ಗೋಡೆಯ ಮೇಲೆ ಅಕ್ಷರ ಹುಡುಕುತ್ತದೆ.

ಆಗ ಐವತ್ತರ ದಶಕದ ನಡು. ನನಗೆ ಇಪ್ಪತ್ತೆರಡು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮತ್ತು ನಾನು ಇದೇ ಊರಿನಲ್ಲಿ ಸೋದರಮಾವನ ಮನೆಯ ಹಿಂದಿನ ಕೋಣೆಯಲ್ಲಿದ್ದೆವು. ಮಾವನದು ಅರಿಶಿನದ ವ್ಯಾಪಾರ. ಕೋಣೆಯ ಅರ್ಧ ಅರಿಶಿನದ ಮೂಟೆಗಳಿಗೆ, ಉಳಿದರ್ಧ ನಮಗೆ. ಒಗೆದ ಬಿಳಿ ಸೀರೆ ಸಂಜೆಯೊಳಗೆ ಹಳದಿಯಾಗುತ್ತಿತ್ತು. ಮಾವ ಕೆಟ್ಟವರಲ್ಲ, ಅತ್ತೆಯೂ ಕೆಟ್ಟವರಲ್ಲ. ಆದರೆ ಅಮ್ಮ ಊಟಕ್ಕೆ ಕೂರುತ್ತಿದ್ದುದು ಎಲ್ಲರದೂ ಆದ ಮೇಲೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದ ನನಗೆ ಗುಂಡ್ಲುಪೇಟೆಯ ಹತ್ತಿರದ ಒಂದು ಹಳ್ಳಿಯಲ್ಲಿ ಹೊಸ ಶಾಲೆಗೆ ಕೆಲಸ ಸಿಕ್ಕಿತು ಎಂದಾಗ ಅಮ್ಮ ಕುಣಿಯಲಿಲ್ಲ, ಅಳಲಿಲ್ಲ. ಟ್ರಂಕಿನ ಧೂಳು ಒರೆಸಿದಳು, ಅಷ್ಟೆ.

ಗುಂಡ್ಲುಪೇಟೆಯಲ್ಲಿ ನಮ್ಮಿಬ್ಬರಿಗೆ ಒಂದೇ ಕೋಣೆಯ ಬಾಡಿಗೆ ಮನೆ. ಕಿಟಕಿ ತೆರೆದರೆ ಈರುಳ್ಳಿ ಲಾರಿಗಳು. ಅಲ್ಲಿಂದ ನಾನು ದಿನಾ ಮೂರು ಮೈಲಿ ನಡೆದು ಹಳ್ಳಿಗೆ ಹೋಗುತ್ತಿದ್ದೆ. ಶಾಲೆ ಅಂದರೆ ಊರಿನ ದೊಡ್ಡ ಹಿಡುವಳಿದಾರರಾದ ಗುರುಮಲ್ಲಪ್ಪನವರ ಮನೆಗೆ ಅಂಟಿಕೊಂಡಿದ್ದ, ಹಿಂದೆ ರಾಗಿ ತುಂಬುತ್ತಿದ್ದ ಕೋಣೆ. ಅವರು ಓದು ಬಾರದವರು. ಎತ್ತರದ ಆಳು, ಹಣೆ ತುಂಬ ವಿಭೂತಿ. "ಮಕ್ಳು ಕಲೀಲಿ ಕಣವ್ವ, ನಮ್ಗಂತೂ ಬರ್ನಿಲ್ಲ" ಎಂದು ಕೋಣೆಯನ್ನು ಸುಮ್ಮನೆ ಬಿಟ್ಟುಕೊಟ್ಟಿದ್ದರು. ಇಪ್ಪತ್ತಮೂರು ಮಕ್ಕಳು, ಹನ್ನೊಂದು ಸ್ಲೇಟು. ಕಪ್ಪು ಹಲಗೆ ಬರುತ್ತದೆ ಎಂದು ಇಲಾಖೆಯ ಕಾಗದ ಬಂದಿತ್ತು. ಕಾಗದ ಮಾತ್ರ ಬಂದಿತ್ತು.

ಹಲಗೆ ಇಲ್ಲದ್ದಕ್ಕೆ ನಾನು ಗೋಡೆ ಹಿಡಿದೆ. ಕೆಮ್ಮಣ್ಣು ಕಲಸಿ, ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿ, ತರಬೇತಿಯ ಹುಮ್ಮಸ್ಸಿನಲ್ಲಿ ಮೊದಲ ದಿನ ದಪ್ಪಗೆ ಬರೆದದ್ದು 'ಪರೋಪಕಾರ'. ಪಕ್ಕದಲ್ಲಿ 'ವಿನಯ'. ಮಕ್ಕಳು ಗೋಡೆಯನ್ನೂ ನನ್ನನ್ನೂ ಸರದಿಯಲ್ಲಿ ನೋಡಿದವು. ಕೊನೆಗೆ ಗುರುಮಲ್ಲಪ್ಪನವರ ಮೊಮ್ಮಗಳು ಮಾದೇವಿ ಕೇಳಿದಳು:

"ಪರೋಪಕಾರ ಅಂದ್ರೆ ತಿನ್ನದಾ ಮೇಷ್ಟ್ರಮ್ಮ?"

ಅವಳ ತಪ್ಪಿಲ್ಲ. ಅವಳ ಮನೆಯಲ್ಲಿ ಪರೋಪಕಾರ ಇತ್ತು, ಆ ಮಾತು ಇರಲಿಲ್ಲ. ಮಾರನೆಯ ದಿನ ಎರಡನ್ನೂ ಉಜ್ಜಿ ಅಳಿಸಿ, ಹೊಸ ಕಟ್ಟಳೆ ಮಾಡಿದೆ. ದಿನಕ್ಕೊಂದೆರಡು ಮಕ್ಕಳು ಮನೆಯಿಂದ ಒಂದೊಂದು ಮಾತು ತರಬೇಕು. ಗೋಡೆಯ ಮೇಲೆ ಆಗಲೇ ಇರುವುದನ್ನು ತರಬಾರದು. ಯಾರ ಬಾಯಿಂದ ಬಂತು, ಎಲ್ಲಿಂದ ಬಂತು ಹೇಳಬೇಕು. ಎಲ್ಲರೂ ಸೇರಿ ಅಕ್ಷರ ಬಿಡಿಸಿದ ಮೇಲೆ ತಂದವರೇ ಬರೆಯಬೇಕು. ಜಾಗವೂ ಅವರದೇ ಆಯ್ಕೆ.

ಜಾಗ ಆರಿಸುವುದಕ್ಕೆ ಆ ಮಕ್ಕಳು ಪಡುತ್ತಿದ್ದ ಪಾಡು! 'ಹಲ್ಲಿ' ತಂದವನು ಸೂರಿನ ಹತ್ತಿರವೇ ಬರೆಯಬೇಕೆಂದು ಇಬ್ಬರ ಹೆಗಲೇರಿದ. 'ಇರುವೆ' ನೆಲದಿಂದ ಗೇಣುದ್ದ ಮೇಲೆ. 'ಬಿಸಿಲು' ಕಿಟಕಿಯ ಪಕ್ಕ, ಬೆಳಿಗ್ಗೆ ಮೊದಲು ಬೆಳಕು ಬೀಳುವಲ್ಲಿ. 'ಮೊರ' ಬಂತು, ಅದರ ಪಕ್ಕ 'ಕೇರು', 'ತೂರು', 'ಹೊಟ್ಟು' ತಾವಾಗಿ ಬಂದು ಕೂತವು. ಒಬ್ಬಳು ಹೆದ್ದಾರಿಯಲ್ಲಿ ಲಾರಿ ಡ್ರೈವರನ ಬಾಯಿಂದ 'ವೆಳ್ಳಂ' ತಂದಳು. ಅದು ಕೇರಳದವರ ನೀರು. ಸೇರಿಸಬಹುದೋ ಬಾರದೋ ಎಂದು ಅರ್ಧ ದಿನ ಜಗಳವಾಗಿ, ಕೊನೆಗೆ 'ನೀರು' ಪಕ್ಕದಲ್ಲೇ ಜಾಗ ಕೊಟ್ಟೆವು. ಕೂಲಿ ಮಾಡುವವರ ಮಗಳು ಚಿಕ್ಕತಾಯಿ ಹೊಸ್ತಿಲ ಹತ್ತಿರವೇ ಕೂರುತ್ತಿದ್ದಳು, ನಾನು ಎಷ್ಟು ಕರೆದರೂ. ಅವಳ ಮಾತುಗಳೂ ಹೊಸ್ತಿಲ ಬಳಿಯೇ ಇದ್ದವು: ಮಂಕರಿ, ಅದರಲ್ಲಿ ಹೊರುವ ಸೆಗಣಿ, ತಂಗಳು, ಹೇನು. ಒಂದು ದಿನ ಮಾದೇವಿ 'ಗೊರಕೆ' ತಂದಳು.

"ಯಾರಿಂದ ಬಂತಮ್ಮ?"

"ನಮ್ ತಾತನಿಂದ. ಮೂಗಿಂದ."

ಅದನ್ನು ಅವಳು ಅವರ ಮನೆಗೆ ತಾಗಿದ ಗೋಡೆಯ ಮೇಲೇ ಬರೆದಳು. ಆಚೆ ಕಡೆ ತಾತನ ಮಂಚ. ನಾನು ನಕ್ಕೆ. ನಗಬಾರದಿತ್ತೋ ಏನೋ.

ಶ್ರಾವಣದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಮೊದಲ ಸಲ ಬಂದರು. ತೆಳ್ಳಗೆ, ಕಪ್ಪು ಕೋಟು, ಕೈಯಲ್ಲಿ ಛತ್ರಿ. ಗೋಡೆ ನೋಡಿ ಮುಖ ಹುಳ್ಳಗೆ ಮಾಡಿದರು.

"ಏನಮ್ಮ ಇದು? ಪಾಠದ ಪುಸ್ತಕ ಬಿಟ್ಟು ಹೇನು, ಸೆಗಣಿ?"

"ಅವು ಓದ್ತವೆ ಸಾರ್."

"ಸರಿ. ಮೂರು ತಿಂಗಳು ಬಿಟ್ಟು ಬರ್ತೀನಿ. ಇದೇ ಗೋಡೆ. ನಾನು ಎಲ್ಲಿ ತೋರಿಸ್ತೀನೋ ಅದನ್ನು, ನಾನು ಯಾರನ್ನ ಕೇಳ್ತೀನೋ ಅವರು ಓದ್ಬೇಕು. ಓದಿದ್ರೆ ಶಾಲೆ ಇರುತ್ತೆ. ಇಲ್ಲದಿದ್ರೆ ಈ ಶಾಲೆ ಮುಚ್ಚಿ ಅಂತ ಬರೀತೀನಿ. ತಾತ್ಕಾಲಿಕ ಶಾಲೆ ಇದು, ಗೊತ್ತಲ್ಲ?"

ಗೊತ್ತಿತ್ತು. ಶಾಲೆ ಮುಚ್ಚಿದರೆ ನನ್ನ ಕೆಲಸವೂ ಮುಚ್ಚಿತು. ಆ ಮಕ್ಕಳಲ್ಲಿ ಗಂಡುಮಕ್ಕಳು ಗುಂಡ್ಲುಪೇಟೆಗೆ ನಡೆದಾವು. ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ. ಅಮ್ಮ ಮತ್ತು ನಾನು ಮತ್ತೆ ಅರಿಶಿನದ ಮೂಟೆಗಳ ಪಕ್ಕಕ್ಕೆ. ಮೂರು ತಿಂಗಳು ನಾನು ಅನ್ನ ತಿಂದೆನೋ ಗೋಡೆ ತಿಂದೆನೋ ಗೊತ್ತಿಲ್ಲ. ನಡೆಯುವಾಗಲೂ ಬಾಯಲ್ಲಿ ಮೊರ, ಒನಕೆ, ಚಿಬ್ಬಲು. ಸಂತೆಯಲ್ಲಿ ಬದನೆಕಾಯಿ ಹೆಕ್ಕುತ್ತ "ಬಗ್ಗಡ, ಬಾನಿ, ಬುಗುರಿ" ಅಂದದ್ದಕ್ಕೆ ಅಂಗಡಿಯಾಕೆ, "ಅವೆಲ್ಲ ಇಲ್ಲ ಕಣವ್ವ, ಬದ್ನೆಕಾಯೊಂದೇ ಇರದು" ಎಂದಳು. ನೂರು ದಾಟಿದವು. ನೂರಾ ಹದಿನಾಲ್ಕಕ್ಕೆ ನಿಲ್ಲಿಸಿ, ದಿನಾ ಓದಿಸತೊಡಗಿದೆ.

ಸಾಹೇಬರು ಬರುವ ಬೆಳಿಗ್ಗೆ. ಹತ್ತು ಗಂಟೆಗೆ ಎಂದು ಹೇಳಿ ಕಳಿಸಿದ್ದರು. ನಾನು ಏಳಕ್ಕೆಲ್ಲ ಹಳ್ಳಿ ತಲುಪಿದೆ. ದೂರದಿಂದಲೇ ಹಸಿ ಸುಣ್ಣದ ವಾಸನೆ. ಗುರುಮಲ್ಲಪ್ಪನವರ ಬಾಗಿಲಲ್ಲಿ ಮಾವಿನ ತೋರಣ. ಅವರೇ ಕೋಣೆಯ ಮುಂದೆ ನಿಂತಿದ್ದರು, ಮೊಣಕೈವರೆಗೂ ಬಿಳಿ.

"ಬಾವ್ವ ಮೇಷ್ಟ್ರಮ್ಮ, ಬಾ. ಕೋಳಿ ಕೂಗಕ್ಮುಂಚೆ ಎದ್ದು ಎರಡು ಸಲ ಬಳ್ದಿವ್ನಿ. ಆಳ್ಗೂ ಬುಡ್ನಿಲ್ಲ, ನಾನೇಯ. ವಸಿ ನೀಲಿನೂ ಆಕಿವ್ನಿ. ಸಾಯೇಬ್ರು ಬಂದ್ರೆ ಕಣ್ಣು ಕುಕ್ಬೇಕು!"

ನಾನು ಒಳಗೆ ಹೋದೆ. ನಾಲ್ಕೂ ಗೋಡೆ ತೊಯ್ದು ಹೊಳೆಯುತ್ತಿದ್ದವು. ಅಲ್ಲೇ ನೆಲದ ಮೇಲೆ ಕೂತೆ.

"ಯಾಕವ್ವ? ತಲೆ ಸುತ್ತು ಬತ್ತಾ?"

"ಅಪ್ಪಾವ್ರೇ... ಮಾತುಗಳು?"

"ಅದೇ ಕಣವ್ವ. ಸೆಗ್ಣಿ, ಏನು, ತಂಗಳು. ನಮ್ಮನೆ ಗಲೀಜೆಲ್ಲ ದೊಡ್ಡ ಅಧಿಕಾರಿ ಮುಂದೆ ಇರ್ಬಾರ್ದು ಅಂತ ನಾನೇ ಸುಣ್ಣ ಬಳ್ದು ಮುಚ್ದೆ. ಗೊರ್ಕೆನೂ ಬರ್ದವ್ರಂತೆ, ಮೊನ್ನೆ ಗೊತ್ತಾಯ್ತು." ಅವರು ಮೀಸೆ ಒರೆಸಿಕೊಂಡರು. ಮೀಸೆಯೂ ಬಿಳಿಯಾಯಿತು. "ಓದ್ಸದು ಬಾಯಲ್ಲಿ ಓದ್ಸು. ಅದ್ಕೇನು?"

ಏನು ಹೇಳಲಿ ನೀವೇ ಹೇಳಿ. ಅರವತ್ತು ದಾಟಿದ ಮನುಷ್ಯ, ಏಣಿ ಹತ್ತಿ ತನ್ನ ಕೈಯಾರೆ ಬಳಿದಿದ್ದಾರೆ. ಆಳುಗಳಿದ್ದ ಮನೆ. ಜಗಳ ಮಾಡಲು ಅಲ್ಲಿ ಏನೂ ಇರಲಿಲ್ಲ. ಅವರು ನನ್ನ ಮಾನ ಕಾಯಲು ಬಳಿದಿದ್ದರು, ತಮ್ಮ ಮಾನವನ್ನೂ ಒಂದು ಚೂರು. "ತುಂಬಾ ಚೆನ್ನಾಗಿದೆ ಅಪ್ಪಾವ್ರೇ" ಅಂದೆ. ಅವರು ಸ್ನಾನಕ್ಕೆ ಹೋದರು.

ಆಗ ಕಂಡಿತು ನೋಡಿ. ಹಸಿ ಸುಣ್ಣ ನೀವು ಅಂದುಕೊಂಡಷ್ಟು ಬಿಳಿಯಲ್ಲ. ಒಣಗಿದ ಮೇಲೆಯೇ ಅದು ಬಿಳಿಯಾಗುವುದು. ಒದ್ದೆಯಾಗಿರುವವರೆಗೆ ಅದರಡಿಯ ಕೆಮ್ಮಣ್ಣು ಮಬ್ಬಾಗಿ, ನೀರಿನ ತಳದ ಕಲ್ಲಿನ ಹಾಗೆ ಕಾಣುತ್ತಿತ್ತು. 'ಒನಕೆ' ಇತ್ತು. ರಾಗಿ ತುಂಬುವ 'ವಾಡೆ' ಇತ್ತು. 'ಬಿಸಿಲು' ಇದ್ದಲ್ಲಿ ನೋಡಿದೆ. ಇಲ್ಲ. ಕಿಟಕಿಯ ಬೆಳಕು ಅಲ್ಲೇ ಮೊದಲು ಬೀಳುತ್ತಿದ್ದುದರಿಂದ ಅದೇ ಮೊದಲು ಒಣಗಿತ್ತು.

ಹೊರಗೆ ಓಡಿ, ಬೀದಿಯಲ್ಲಿ ನಿಂತು ಕೂಗಿದೆ. ಮಕ್ಕಳು ಬಾಯಿ ತೊಳೆಯದೆ, ತಲೆ ಬಾಚದೆ ಬಂದವು. ಗೋಡೆ ನೋಡಿ ಎರಡು ಅತ್ತೇ ಬಿಟ್ಟವು.

"ಅಳೋಕೆ ಹೊತ್ತಿಲ್ಲ ಕಣ್ರೋ. ನಿಮ್ಮ ನಿಮ್ಮ ಮಾತು ಎಲ್ಲಿದೆ ನೋಡ್ಕೊಳ್ಳಿ. ಪಕ್ಕದ್ದೂ ನೋಡ್ಕೊಳ್ಳಿ. ಓದ್ತಾ ಇರಿ, ಕಾಣೋತನಕ ಓದ್ತಾ ಇರಿ."

ಕಿಟಕಿಗೆ ನನ್ನ ಸೆರಗನ್ನೇ ಅಡ್ಡ ಹಿಡಿದು ನಿಂತೆ, ಬಿಸಿಲು ತಡೆಯಲು. ಎಂಥ ಜಾಣೆ! ಹಿಂದೆ ಬಾಗಿಲಿನಿಂದ ಗಾಳಿ ಬರುತ್ತಿತ್ತು, ಅದು ಬಿಸಿಲಿಗಿಂತ ಬೇಗ ಒಣಗಿಸುತ್ತಿತ್ತು. ಚಿಕ್ಕತಾಯಿ ಬಾಗಿಲು ಹಾಕಿದಳು. ಕತ್ತಲಾಯಿತು, ಏನೂ ಕಾಣಲಿಲ್ಲ, ಮತ್ತೆ ತೆಗೆದಳು. ಇಪ್ಪತ್ತಮೂರು ಮಕ್ಕಳು ಗೋಡೆಗೆ ಮೂಗು ಹಚ್ಚಿ ಓದುತ್ತಿದ್ದವು. ಒಂದೊಂದೇ ಮಾತು ಕಣ್ಣೆದುರೇ ಮಸುಕಾಗಿ, ತೆಳುವಾಗಿ, ಹೋಗುತ್ತಿತ್ತು. "ಓಯ್ತು ಮೇಷ್ಟ್ರಮ್ಮ, ಬುಗುರಿ ಓಯ್ತು!" "ಕುಕ್ಕೆನೂ ಓಯ್ತು!" ಸಾವಿನ ಮನೆಯಲ್ಲಿ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದವು. ಒಂಬತ್ತೂವರೆಗೆ ಹೊಸ್ತಿಲ ಬಳಿಯ 'ತಂಗಳು' ಒಂದು ಉಳಿದಿತ್ತು. ಆಮೇಲೆ ಅದೂ ಇಲ್ಲ. ಕೋಣೆ ನಿಜಕ್ಕೂ ಕಣ್ಣು ಕುಕ್ಕುವಂತಿತ್ತು.

ಹತ್ತಕ್ಕೆ ಗುರುಮಲ್ಲಪ್ಪನವರ ಕಮಾನುಗಾಡಿ ಸಾಹೇಬರನ್ನು ಬಸ್ ನಿಲ್ಲುವಲ್ಲಿಂದ ಕರೆತಂದಿತು. ಅವರು ಒಳಗೆ ಕಾಲಿಟ್ಟು ಸುತ್ತ ನೋಡಿದರು.

"ಗೋಡೆ ಎಲ್ಲಮ್ಮ?"

"ಇದೇ ಸಾರ್."

"ಪದಗಳು?"

ಬಾಗಿಲಲ್ಲಿ ಮಡಿ ಪಂಚೆಯುಟ್ಟು ನಿಂತಿದ್ದ ಗುರುಮಲ್ಲಪ್ಪನವರು ಹೆಮ್ಮೆಯಿಂದಲೇ ಹೇಳಿದರು: "ತಾವು ಬತ್ತೀರಿ ಅಂತ ನಾನೇ ಸುಣ್ಣ ಒಡ್ದೆ ಸ್ವಾಮಿ."

ಸಾಹೇಬರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನಾನೇ ಹೊಡೆಸಿ, ಈ ಮುದುಕರನ್ನು ಮುಂದಿಟ್ಟಿದ್ದೇನೆ ಎಂದುಕೊಂಡರು. ಹಾಗೆ ಅಂದುಕೊಳ್ಳಲು ಅವರಿಗೆ ಎಲ್ಲ ಕಾರಣವೂ ಇತ್ತು.

"ಬಹಳ ಅನುಕೂಲವಾಯ್ತಲ್ಲಮ್ಮ ನಿಮಗೆ," ಅಂದರು. ಆಮೇಲೆ, ಅಣಕಕ್ಕೇ ಇರಬೇಕು, ಛತ್ರಿಯ ತುದಿಯನ್ನು ಖಾಲಿ ಗೋಡೆಗೆ ಚುಚ್ಚಿ ಮುಂದೆ ಕೂತಿದ್ದ ಹುಡುಗಿಯನ್ನು ಕೇಳಿದರು: "ಇಲ್ಲೇನಿತ್ತು?"

"ಮೊರ ಸಾರ್."

ಛತ್ರಿ ನಾಲ್ಕು ಬೆರಳು ಸರಿಯಿತು. "ಇಲ್ಲಿ?"

"ಕೇರು."

"ಅಲ್ಲ ಕಣಮ್ಮಿ," ಹಿಂದಿನಿಂದ ಮಾದೇವಿ ಎದ್ದಳು, "ಅದು ತೂರು. ಕೇರು ಅದ್ರ ಕೆಳ್ಗಡೆ."

"ತೂರು ನಿನ್ ತಲೆ! ನಾನೇ ಬರ್ದಿದ್ದು."

"ಬರ್ದಿದ್ದು ನೀನು, ಅಳಿಸಿ ಆಚೆ ಬರ್ಸಿದ್ದು ಮೇಷ್ಟ್ರಮ್ಮ. ನೆಪ್ಪಿಲ್ವಾ?"

ಬಿಳಿ ಗೋಡೆಯ ಮೇಲೆ ಎರಡು ಬೆರಳು ಒಂದನ್ನೊಂದು ತಳ್ಳುತ್ತಿದ್ದವು. ಇನ್ನೂ ಮೂವರು ಎದ್ದು ಪಕ್ಷ ಹಿಡಿದರು. ನಾನು "ಶ್!" ಅನ್ನಬೇಕಿತ್ತು, ಅನ್ನಲಿಲ್ಲ. ಸಾಹೇಬರು ಒಂದು ಬೆರಳಿನಿಂದ ಇನ್ನೊಂದಕ್ಕೆ ನೋಡಿದರು. ಆಮೇಲೆ ಛತ್ರಿ ಬೇಗ ಬೇಗ ಓಡಿತು. ಸೂರಿನ ಬಳಿ: ಹಲ್ಲಿ. ನೆಲದ ಹತ್ತಿರ: ಇರುವೆ. ಮೂಲೆಯಲ್ಲಿ: "ಅಲ್ಲೇನೂ ಇರ್ನಿಲ್ಲ ಸಾರ್, ಅಲ್ಲಿ ಗ್ವಾಡೆ ಬಿರುಕು ಬುಟ್ಟಿತ್ತು." ಬಾಗಿಲಿನ ಪಕ್ಕ: ಮಕ್ಕಳೆಲ್ಲ ಹೊಸ್ತಿಲ ಕಡೆ ತಿರುಗಿದವು. ಅದು ಚಿಕ್ಕತಾಯಿಯ ಜಾಗ. ಅವಳು ತಲೆ ತಗ್ಗಿಸಿ, "ಏನು, ಸಾರ್" ಅಂದಳು.

"ಏನು ಅಂದ್ರೆ?"

"ತಲೇಲಿ ಇರ್ತದಲ್ಲ ಸಾರ್. ಅದು."

ಸಾಹೇಬರು ನಗಲಿಲ್ಲ. ಛತ್ರಿ ಕೆಳಗಿಳಿಸಿದರು.

"ಗಿಣಿನೂ ಹೇಳುತ್ತೆ. ಬಾಯಿಪಾಠ ಇದು. ಓದು ಬಂದಿದೆ ಅಂತ ನಾನು ಹೇಗೆ ನಂಬಲಿ? ಬರೀಲಿ. ಈ ಹುಡುಗಿಗೆ ಸ್ಲೇಟು ಕೊಡಿ."

ಚಿಕ್ಕತಾಯಿಗೆ ಸ್ಲೇಟಿರಲಿಲ್ಲ. ಮಾದೇವಿ ತನ್ನದನ್ನು ಚಾಚಿದಳು. ಚಿಕ್ಕತಾಯಿ ಅದನ್ನು ನೋಡಿದಳು, ಬಾಗಿಲಲ್ಲಿದ್ದ ಗುರುಮಲ್ಲಪ್ಪನವರನ್ನು ನೋಡಿದಳು, ಕೈ ಚಾಚಲಿಲ್ಲ. ಅವಳು ಬರೆದದ್ದೆಲ್ಲ ಗೋಡೆಯ ಮೇಲೇ. ಸಾಹೇಬರು ಜೇಬಿನಿಂದ ಪೆನ್ನು ತೆಗೆದು, ಭೇಟಿ ಪುಸ್ತಕ ತೆರೆದರು. ಪೆನ್ನಿನ ಮುಚ್ಚಳ ತಿರುಗುವುದು ನನಗೆ ಕೇಳಿಸಿತು.

"ಗ್ವಾಡೆ ಮ್ಯಾಲೇ ಬರೀಲಿ ಬುಡಿ ಸ್ವಾಮಿ." ಗುರುಮಲ್ಲಪ್ಪನವರು.

"ಈಗ ತಾನೇ ಸುಣ್ಣ ಹೊಡ್ದಿದ್ದೀರಿ."

"ಒಡ್ದೋನು ನಾನು ತಾನೆ? ಬರೀಲಿ." ಅವರು ಒಳಗೆ ಹೋಗಿ ಒಲೆಯ ಇದ್ದಿಲು ಬೊಗಸೆಯಲ್ಲಿ ತಂದರು. ಮಡಿ ಪಂಚೆಗೆ ಕರಿ ಹತ್ತಿತು. ಮೊದಲ ತುಂಡನ್ನು ಚಿಕ್ಕತಾಯಿಯ ಅಂಗೈಗೆ ಹಾಕಿದರು. "ಎಲ್ಲಿತ್ತೋ ಅಲ್ಲೇ ಬರ್ಯವ್ವ. ಬರಿ."

ಅವಳು ಬರೆದಳು. ಬಾಯಲ್ಲಿ ಬಿಟ್ಟಿದ್ದ 'ಹ' ಗೋಡೆಯ ಮೇಲೆ ಬಂತು. ಹೇನು. ಕೆಳಗೆ ತಂಗಳು. ಪಕ್ಕದಲ್ಲಿ ಮಂಕರಿ. ಅಷ್ಟರಲ್ಲಿ ಉಳಿದವೂ ಇದ್ದಿಲಿಗೆ ಮುಗಿಬಿದ್ದವು. ಹಲ್ಲಿಯವನು ಹೆಗಲೇರಿದ. ಕೇರು ತೂರು ಜಗಳ ಬರವಣಿಗೆಯಲ್ಲಿ ಮುಂದುವರಿಯಿತು. ಮಾದೇವಿ ಮಾತ್ರ ತನ್ನ ಗೋಡೆಯ ಮುಂದೆ ಇದ್ದಿಲು ಹಿಡಿದು ನಿಂತಳು, ತಾತನ ಕಡೆ ಓರೆಗಣ್ಣಲ್ಲಿ ನೋಡುತ್ತ.

"ನೀನ್ಯಾಕಮ್ಮ ನಿಂತೆ? ಅಲ್ಲೇನಿತ್ತು?" ಸಾಹೇಬರು ಕೇಳಿದರು.

ಅವಳು ನೆಲ ನೋಡಿದಳು.

"ಬರ್ಕೋ ಓಗು, ಗೊರ್ಕೆ ಅಂತ," ಅಂದರು ಗುರುಮಲ್ಲಪ್ಪನವರು. "ಇಡೀ ಊರ್ಗೇ ಕೇಳಿಸ್ತದೆ, ಸಾಯೇಬ್ರೂ ಓದ್ಲಿ."

ಸಾಹೇಬರು ಕೆಮ್ಮಿದರು. ಅದು ನಗು ಎಂದು ನನಗೆ ತಿಳಿದದ್ದು ಅವರು ಎರಡನೆಯ ಸಲ ಕೆಮ್ಮಿದಾಗ. ಮುಕ್ಕಾಲು ಗಂಟೆ ಅವರು ಛತ್ರಿ ಹಿಡಿದು ಗೋಡೆಯಿಂದ ಗೋಡೆಗೆ ನಡೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿದರು. ಏಳೆಂಟು ಕಡೆ ತಪ್ಪಾಯಿತು. ಆ ಒಂದೊಂದೂ ನನಗೆ ಚುಚ್ಚಿತು. 'ವೆಳ್ಳಂ' ಮುಂದೆ ನಿಂತು ಹುಬ್ಬೇರಿಸಿದರು, ಏನೂ ಕೇಳಲಿಲ್ಲ. ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳದೆ ಭೇಟಿ ಪುಸ್ತಕದಲ್ಲಿ ಬರೆದು, ಮಜ್ಜಿಗೆ ಕುಡಿದು, ಗಾಡಿ ಹತ್ತಿದರು.

ಪುಸ್ತಕ ತೆರೆಯಲು ನನಗೆ ಧೈರ್ಯವಾಗಲಿಲ್ಲ. "ನೀನೇ ಓದಮ್ಮಿ" ಎಂದು ಮಾದೇವಿಗೆ ಕೊಟ್ಟೆ. ಅವಳು ಬೆರಳಿಟ್ಟು, ಅಕ್ಷರ ಅಕ್ಷರ ಬಿಡಿಸಿ ಓದಿದಳು:

"ಗೋಡೆ... ಗಲೀಜಾಗಿದೆ. ಶಾಲೆ... ಮುಂದು... ವರಿಯ... ತಕ್ಕದ್ದು."

ಅಂದು ಸಂಜೆ ಗುಂಡ್ಲುಪೇಟೆಯ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಮ್ಮ ಬಾಗಿಲಲ್ಲೇ ಕೂತಿದ್ದಳು. ನಾನು ಬೆಳಿಗ್ಗೆ ಹೊರಟ ಮೇಲೆ ಪಾತ್ರೆ ಪಡಗ ಎಲ್ಲ ಗೋಣಿಗೆ ತುಂಬಿ, ಬಾಯಿ ಹೊಲಿದು ಇಟ್ಟಿದ್ದಳು. "ಕತ್ತಲಾದ ಮೇಲೆ ಕಟ್ಟೋದು ಕಷ್ಟ ಅಂತ," ಅಂದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಹೂಂ ಅಂದಳು. ಹೊರಗೆ ಉಳಿದಿದ್ದುದು ಒಂದೇ ತಪ್ಪಲೆ. ಅದರಲ್ಲೇ ಅವಲಕ್ಕಿ ನೆನೆಸಿ, ಪಕ್ಕದ ಮನೆಯಿಂದ ಮೊಸರು ತಂದು ಕಲಸಿ, ಒಂದು ಹಸಿ ಈರುಳ್ಳಿ ಗುದ್ದಿಕೊಂಡು, ಇಬ್ಬರೂ ಒಂದೇ ತಪ್ಪಲೆಯಿಂದ ಒಟ್ಟಿಗೆ ತಿಂದೆವು. ಗೋಣಿಯ ಹೊಲಿಗೆ ಬಿಚ್ಚಲು ಹೋದೆ. "ನಾಳೆ ಬಿಚ್ಚಿದರಾಯ್ತು, ಎಲ್ಲಿ ಹೋಗುತ್ತೆ," ಎಂದು ಅಮ್ಮ ಚಾಪೆ ಹಾಸಿ, ನನಗಿಂತ ಮೊದಲು ಮಲಗಿದಳು.